ಮಕ್ಕಳ ಕಿವಿಕ್ಷಯ: ಪತ್ತೆಯ ದಾರಿ

ಕ್ಷಯದ ರೋಗಾಣು ಮಗುವಿನ ಮಧ್ಯಕಿವಿಯಲ್ಲೂ ಅದಕ್ಕೆ ಅಂಟಿಕೊಂಡ ಮಾಸ್ಟಾಯ್ಡ್ ಎಲುಬಿನಲ್ಲೂ ನೆಲೆಯೂರಿ ತರುವ ದೀರ್ಘಕಾಲದ ಸೋಂಕಿಗೆ ಕಿವಿಕ್ಷಯ ಎಂದು ಹೆಸರು. ರೋಗಾಣು ಬೇರೆಯದಲ್ಲ, ಶ್ವಾಸಕೋಶವನ್ನು ಕೊರೆಯುವ ಮೈಕೋಬ್ಯಾಕ್ಟೀರಿಯಮ್ ಟ್ಯೂಬರ್ಕ್ಯುಲೋಸಿಸ್ ಇಲ್ಲಿಯೂ ಕಾರಣ. ಶ್ವಾಸಕೋಶದ ಹೊರಗೆ ಕಾಣುವ ಕ್ಷಯದ ಬಗೆಗಳಲ್ಲಿ ಇದು ಬಹಳ ಅಪರೂಪದ್ದು. ದೀರ್ಘಕಾಲ ಕಿವಿ ಸೋರುವವರ ಪೈಕಿ ನೂರಕ್ಕೆ ಒಬ್ಬರಿಗೂ ಇದು ಇರುವುದಿಲ್ಲ ಎಂದೇ ವೈದ್ಯಗ್ರಂಥಗಳ ಲೆಕ್ಕ. ಆದರೂ ಇದರ ಬಗ್ಗೆ ತಿಳಿದಿರುವುದು ಅಗತ್ಯ. ಚಿಕಿತ್ಸೆಯಿಂದ ಗುಣವಾಗುವ ರೋಗವಿದು. ತಡವಾಗಿ ಗೊತ್ತಾದರೆ ಮಾತ್ರ ಹೋದ ಕೇಳುವಿಕೆ ಅನೇಕ ವೇಳೆ ಮರಳಿ ಬರುವುದಿಲ್ಲ. ಕಾಯಿಲೆ ಕಷ್ಟದ್ದಲ್ಲ, ಅದನ್ನು ಗುರುತಿಸುವುದು ಕಷ್ಟ.

ಬಳ್ಳಾರಿ ಜಿಲ್ಲೆಯ ಕುರುಗೋಡು ತಾಲ್ಲೂಕಿನ ಬಾದನಹಟ್ಟಿಯಿಂದ ನೋಡಿದರೆ ಆ ಕಷ್ಟ ಸ್ಪಷ್ಟವಾಗಿ ಕಾಣುತ್ತದೆ. ತುಂಗಭದ್ರಾ ಕಾಲುವೆಯ ನೀರುಂಡು ಭತ್ತ, ಮೆಣಸಿನಕಾಯಿ, ಹತ್ತಿ ಬೆಳೆಯುವ ಸೀಮೆ ಇದು. ಒಂದು ಕಡೆ ಸಿರುಗುಪ್ಪ, ಇನ್ನೊಂದು ಕಡೆ ಬಳ್ಳಾರಿ ನಗರ. ಮಗುವಿನ ಕಿವಿ ಸೋರುವುದು ಇಲ್ಲಿ, ನಾಡಿನ ಬೇರೆಲ್ಲ ಕಡೆಯಂತೆ, ದೊಡ್ಡ ಸುದ್ದಿಯಲ್ಲ. ‘ಕಿವಿ ಸೋರಾಕತ್ತೈತ್ರಿ’ ಎಂದು ತಾಯಿ ಹೇಳುತ್ತಾಳೆ. ತೆಲುಗು ಮನೆಮಾತಿನವರು ಕೀವಿಗೆ ‘ಚೀಮು’ ಎನ್ನುತ್ತಾರೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಮೊದಲು, ಔಷಧಿ ಅಂಗಡಿಯ ಹನಿಮದ್ದು ಆಮೇಲೆ. ಮಗು ಅಳುತ್ತಿಲ್ಲ, ಜ್ವರ ಇಲ್ಲ, ಆಡಿಕೊಂಡಿದೆ. ನೋವಿಲ್ಲದ ಮೇಲೆ ಆಸ್ಪತ್ರೆಗೆ ಓಡಬೇಕೆಂದು ಯಾರಿಗೆ ಅನಿಸೀತು? ಈ ರೋಗ ಕಣ್ತಪ್ಪಿಸಿಕೊಳ್ಳುವುದು ಆ ನೋವಿಲ್ಲದಿರುವಿಕೆಯ ಮರೆಯಲ್ಲಿಯೇ.

ಕಿವಿಗೆ ಬರುವ ದಾರಿ

ಮೂಗಿನ ಹಿಂಬದಿಯಿಂದ ಮಧ್ಯಕಿವಿಗೆ ಯೂಸ್ಟೇಶಿಯನ್ ನಾಳ ಎಂಬ ಸಣ್ಣ ಕೊಳವೆಯಿದೆ. ದೊಡ್ಡವರಲ್ಲಿ ಅದು ಉದ್ದ, ಇಳಿಜಾರು; ಎಳೆಯ ಮಕ್ಕಳಲ್ಲಿ ಗಿಡ್ಡ, ಅಗಲ, ಹೆಚ್ಚುಕಡಿಮೆ ಮಟ್ಟಸ. ಕೆಮ್ಮಿದಾಗ, ಸೀನಿದಾಗ, ಮಲಗಿ ಹಾಲು ಕುಡಿದು ಕಕ್ಕಿದಾಗ ಗಂಟಲಿನ ದ್ರವ ಸಲೀಸಾಗಿ ಮೇಲೇರುತ್ತದೆ. ಶ್ವಾಸಕೋಶದಲ್ಲೋ ಮೂಗಿನ ಹಿಂಬದಿಯಲ್ಲೋ ರೋಗಾಣು ಇದ್ದರೆ ಅದು ಕಿವಿ ಸೇರುವ ಮೊದಲ ದಾರಿ ಇದು. ಎರಡನೆಯದು ರಕ್ತ: ಮೈಯಲ್ಲಿ ಬೇರೆಲ್ಲೋ ಅಡಗಿದ ರೋಗಾಣು ರಕ್ತದ ಜೊತೆ ಹರಿದು ಮಾಸ್ಟಾಯ್ಡ್ ಎಲುಬಿನ ಗೂಡುಗಳಲ್ಲಿ ತಂಗುತ್ತದೆ. ಮೊದಲೇ ತೂತಾದ ಕಿವಿಯ ತಮಟೆಯ ಮೂಲಕ ಹೊರಗಿನಿಂದ ಒಳನುಗ್ಗುವುದು ಮೂರನೆಯದು. ತಾಯಿಗೆ ಗರ್ಭಿಣಿಯಾಗಿದ್ದಾಗ ಕ್ಷಯವಿದ್ದು, ಹೆರಿಗೆಯ ಸಮಯದಲ್ಲಿ ಸೋಂಕಿನ ದ್ರವ ಕೂಸಿನ ಕಿವಿ ಸೇರಿದ ಪ್ರಸಂಗಗಳೂ ವೈದ್ಯಸಾಹಿತ್ಯದಲ್ಲಿ ದಾಖಲಾಗಿವೆ. ಅವು ತೀರ ವಿರಳ.

ಒಳಹೊಕ್ಕ ರೋಗಾಣು ತಮಟೆಯ ಒಳಮೈಯ ತೆಳುಪೊರೆಯ ಕೆಳಗೆ ಸಣ್ಣ ಸಣ್ಣ ಗಂಟುಗಳನ್ನು ಕಟ್ಟುತ್ತದೆ. ಪ್ರತಿ ಗಂಟಿನ ನಡುಭಾಗ ಗಿಣ್ಣಿನಂತೆ ಮೆತ್ತಗಾಗಿ ಸಾಯುತ್ತದೆ. ಸತ್ತ ಜಾಗ ಕಳಚಿಬಿದ್ದಲ್ಲಿ ತೂತು. ಒಂದಲ್ಲ, ಎರಡು ಮೂರು ತೂತುಗಳು ಒಂದೇ ತಮಟೆಯಲ್ಲಿ ಏಳುತ್ತವೆ. ಕೆಲವು ವಾರ ಕಳೆದರೆ ಅವು ಕೂಡಿ ಒಂದೇ ದೊಡ್ಡ ಕಂಡಿಯಾಗುತ್ತವೆ. ಶಬ್ದವನ್ನು ಒಳಕಿವಿಗೆ ದಾಟಿಸುವ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟ್ಟ ಎಲುಬುಗಳೂ ಸವೆಯುತ್ತವೆ. ಮಧ್ಯಕಿವಿಯ ಗೋಡೆಯಲ್ಲಿ, ಸಿಗರೇಟಿನ ಕಾಗದದಷ್ಟು ತೆಳುವಾದ ಎಲುಬಿನ ಕೊಳವೆಯೊಳಗೆ, ಮುಖದ ಅರ್ಧಭಾಗವನ್ನು ಆಡಿಸುವ ನರ ಹಾದುಹೋಗುತ್ತದೆ. ಕೊಳೆತ ಆ ಗೋಡೆಗೆ ತಾಗಿತೆಂದರೆ ಮಗುವಿನ ಬಾಯಿ ಸೊಟ್ಟಗಾಗುತ್ತದೆ.

ಹಳೆಯ ದಾಖಲೆ

ಮಾಸ್ಟಾಯ್ಡ್ ಎಲುಬಿನ ಕ್ಷಯವನ್ನು ಹದಿನೆಂಟನೆಯ ಶತಮಾನದಲ್ಲಿ ಫ್ರೆಂಚ್ ಶಸ್ತ್ರವೈದ್ಯ ಜ್ಯಾಂ ಲೂಯಿ ಪೆಟಿ ಮೊದಲು ವಿವರಿಸಿದನೆಂದು ಹೇಳುತ್ತಾರೆ. ರಾಬರ್ಟ್ ಕಾಖ್ 1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ಕ್ಷಯದ ರೋಗಾಣುವನ್ನು ಲೋಕದ ಮುಂದಿಟ್ಟ. ಮರುವರ್ಷವೇ, 1883ರಲ್ಲಿ, ಕಿವಿಯ ಕೀವಿನಲ್ಲಿ ಅದೇ ರೋಗಾಣು ಸಿಕ್ಕ ವರದಿ ಬಂತು. ಎಡಿನ್‌ಬರೋದ ಲೋಗನ್ ಟರ್ನರ್ ಮತ್ತು ಫ್ರೇಸರ್ 1915ರಲ್ಲಿ ಪ್ರಕಟಿಸಿದ ಅಧ್ಯಯನ ಮಕ್ಕಳ ಕಿವಿಕ್ಷಯದ ಬಗ್ಗೆ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಎಳೆಗೂಸುಗಳ ಕಿವಿ ಸೋರಿಕೆಯಲ್ಲಿ ಕ್ಷಯದ ಪಾಲು ಆ ಊರಲ್ಲಿ ಬೆಚ್ಚಿಬೀಳಿಸುವಷ್ಟಿತ್ತು. ಕ್ಷಯ ತಗುಲಿದ ಹಸುಗಳ ಹಸಿಹಾಲು ಅಲ್ಲಿನ ಮುಖ್ಯ ಕಾರಣವೆಂದು ಆ ಕಾಲದ ವೈದ್ಯರು ಕಂಡುಕೊಂಡರು. ನಮ್ಮ ಮನೆಗಳಲ್ಲಿ ಹಾಲನ್ನು ಉಕ್ಕುವವರೆಗೆ ಕಾಯಿಸದೆ ಮಗುವಿಗೆ ಕೊಡುವ ವಾಡಿಕೆಯಿಲ್ಲ. ಈ ಒಂದು ಅಭ್ಯಾಸ ಎಷ್ಟು ಮಕ್ಕಳನ್ನು ಕಾಯ್ದಿದೆಯೋ ಎಣಿಸಿದವರಿಲ್ಲ. ಹಾಗಾಗಿ ಇಲ್ಲಿ ಮೂಲವನ್ನು ಹುಡುಕಬೇಕಾದದ್ದು ಹಸುವಿನ ಕೊಟ್ಟಿಗೆಯಲ್ಲಿ ಅಲ್ಲ. ಮನೆಯೊಳಗೆ ಕೆಮ್ಮುವ ಹಿರಿಯರಲ್ಲಿ.

ಕರ್ನಾಟಕಕ್ಕೆ ಕ್ಷಯದೊಡನೆ ಸೆಣಸಿದ ದೊಡ್ಡ ಚರಿತ್ರೆಯೇ ಇದೆ. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯರೋಗ ಆಸ್ಪತ್ರೆ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಿಂದ ಇದೆ. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದರಾಸು ಪ್ರಾಂತದ ಜಿಲ್ಲೆ. ಅದೇ ಪ್ರಾಂತದ ಮದನಪಲ್ಲಿಯ ಆರೋಗ್ಯವರಂ ಸ್ಯಾನಟೋರಿಯಂ ದಕ್ಷಿಣ ಭಾರತದ ಕ್ಷಯ ಚಿಕಿತ್ಸೆಗೆ ಹೆಸರಾಗಿತ್ತು. ಬಳ್ಳಾರಿ ನಗರದಲ್ಲಿ ವೆಲ್ಲೆಸ್ಲಿ ಕ್ಷಯರೋಗ ಸ್ಯಾನಟೋರಿಯಂ ಇದೆ. 1961ರಲ್ಲಿ ಆರಂಭವಾದ ಇಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು ಬಹುಕಾಲ ‘ವಿಮ್ಸ್’ ಎಂದೇ ಜನರ ಬಾಯಲ್ಲಿತ್ತು. ಈಗ ಅದರ ಹೆಸರು ಬಳ್ಳಾರಿ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಕೇಂದ್ರ. ಬಾದನಹಟ್ಟಿಯ ಮಗುವಿನ ಕಿವಿಯನ್ನು ಸೂಕ್ಷ್ಮದರ್ಶಕದಡಿ ನೋಡಿ, ತುಣುಕು ತೆಗೆದು, ಸಿ.ಟಿ. ಮಾಡಿಸಬೇಕಾದರೆ ಹೋಗಬೇಕಾದದ್ದು ಇಂಥ ಬೋಧನಾ ಆಸ್ಪತ್ರೆಗೆ.

ಅನುಮಾನ ಹುಟ್ಟಬೇಕಾದ ಗಳಿಗೆ

ಪುಸ್ತಕಗಳು ಮೂರು ಲಕ್ಷಣಗಳನ್ನು ಜೊತೆಗೂಡಿಸಿ ಹೇಳುತ್ತವೆ: ನೋವಿಲ್ಲದ ಸೋರಿಕೆ, ತಮಟೆಯಲ್ಲಿ ಹಲವು ತೂತು, ಮುಖದ ಒಂದು ಪಕ್ಕದ ಲಕ್ವ. ಮೂರೂ ಒಟ್ಟಿಗೆ ಕಂಡರೆ ವಿದ್ಯಾರ್ಥಿಯೂ ಕ್ಷಯ ಎಂದಾನು. ಒಟ್ಟಿಗೆ ಕಾಣುವುದೇ ಅಪರೂಪ. ಹಲವು ತೂತುಗಳು ಕೂಡಿ ಒಂದಾದ ಮೇಲೆಯೇ ಮಗು ವೈದ್ಯರ ಮುಂದೆ ಬರುವುದು. ಲಕ್ವ ಎಲ್ಲರಿಗೂ ಆಗುವುದಿಲ್ಲ, ದೊಡ್ಡವರಿಗಿಂತ ಮಕ್ಕಳಲ್ಲಿ ಅದು ಹೆಚ್ಚೆಂಬುದು ನಿಜವಾದರೂ. ನೋವಿಲ್ಲದಿರುವುದು ಕೂಡ ಖಾತ್ರಿಯಲ್ಲ: ಬೇರೆ ರೋಗಾಣುಗಳು ಮೇಲೆ ಸೇರಿಕೊಂಡರೆ ಕಿವಿ ನೋಯುತ್ತದೆ, ಕೀವು ನಾರುತ್ತದೆ. ಮೂರೂ ಲಕ್ಷಣ ಕೂಡಲಿ ಎಂದು ಕಾದವರು ಬಹುಪಾಲು ಮಕ್ಕಳ ರೋಗವನ್ನು ತಪ್ಪಿಸಿಕೊಳ್ಳುತ್ತಾರೆ.

ಹೆಚ್ಚು ನೆಚ್ಚಬಹುದಾದ ಸುಳಿವುಗಳು ಬೇರೆ. ಮೊದಲನೆಯದು ಕೇಳುವಿಕೆ. ತಮಟೆಯ ಸಾಮಾನ್ಯ ತೂತಿನಿಂದ ಕಿವಿ ಸ್ವಲ್ಪ ಮಂದವಾಗುತ್ತದೆ, ಅಷ್ಟೆ. ಕಿವಿಕ್ಷಯದಲ್ಲಿ ತೂತು ಸಣ್ಣದಿದ್ದು ಕಿವುಡು ದೊಡ್ಡದಿರುತ್ತದೆ; ಸೋರಿಕೆ ಶುರುವಾದ ಕೆಲವೇ ವಾರ ತಿಂಗಳುಗಳಲ್ಲಿ ಮಗು ಆ ಕಿವಿಯ ಕಡೆಯಿಂದ ಕೂಗಿದರೆ ತಿರುಗುವುದನ್ನು ಬಿಡುತ್ತದೆ. ಕಣ್ಣಿಗೆ ಕಾಣುವ ಹಾನಿಗೂ ಕೇಳುವಿಕೆಗೆ ಆದ ಹಾನಿಗೂ ತಾಳೆಯಾಗದೆ ಹೋದರೆ ವೈದ್ಯರು ಅಲ್ಲಿ ನಿಲ್ಲಬೇಕು. ಟಾರ್ಚಿನ ಬೆಳಕು ಮತ್ತು 512 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕ್ ಇದ್ದರೆ ಸಾಕು, ಹಳ್ಳಿಯ ಆರೋಗ್ಯ ಕೇಂದ್ರದಲ್ಲಿಯೇ ಈ ತಾಳೆ ನೋಡಬಹುದು.

ಎರಡನೆಯದು ಮಾಂಸದ ಬಣ್ಣ. ದೀರ್ಘಕಾಲ ಸೋರುವ ಯಾವ ಕಿವಿಯಲ್ಲೂ ಹೆಚ್ಚುವರಿ ಮಾಂಸ ಬೆಳೆಯುವುದುಂಟು. ಅದು ಕೆಂಪು, ಮುಟ್ಟಿದರೆ ರಕ್ತ ಜಿನುಗುತ್ತದೆ. ಕ್ಷಯದ ಮಾಂಸ ಬಿಳಿಚಿಕೊಂಡಿರುತ್ತದೆ, ಮಬ್ಬು, ಹೇರಳ. ಒರೆಸಿ ತೆಗೆದರೂ ಮತ್ತೆ ತುಂಬಿಕೊಳ್ಳುತ್ತದೆ. ಅನುಭವಿ ಕಿವಿವೈದ್ಯರು ಆ ಬಿಳಿಚನ್ನು ನೋಡಿಯೇ ಹುಬ್ಬೇರಿಸುತ್ತಾರೆ.

ಮೂರನೆಯದು ಕಿವಿಯ ಸುತ್ತಮುತ್ತ. ಕಿವಿಯ ಮುಂದೆ, ಕೆನ್ನೆಯ ಮೇಲ್ತುದಿಯಲ್ಲಿ, ನೋವಿಲ್ಲದ ಗಂಟು. ಕುತ್ತಿಗೆಯ ಪಕ್ಕ ಸರದಂತೆ ಗಂಟುಗಳು. ಕಿವಿಯ ಹಿಂದೆ ಬಾವು ಬಂದು ಒಡೆದು ಮುಚ್ಚದೆ ಉಳಿದ ರಂಧ್ರ. ಕುತ್ತಿಗೆಯ ಗಂಟು ನಮ್ಮ ಜನಕ್ಕೆ ಗೊತ್ತಿರುವ ಕಾಯಿಲೆ. ‘ಗಂಡಮಾಲೆ’ ಎಂಬ ಹೆಸರೇ ಇದೆ. ಅದೂ ಸೋರುವ ಕಿವಿಯೂ ಒಂದೇ ರೋಗದ ಎರಡು ಮುಖವಾಗಿರಬಹುದು ಎಂಬ ಸಂಬಂಧ ಮಾತ್ರ ಬಹಳ ಮಂದಿಗೆ ಹೊಳೆಯುವುದಿಲ್ಲ. ಗಂಟನ್ನು ಒಬ್ಬ ವೈದ್ಯರಿಗೆ, ಕಿವಿಯನ್ನು ಇನ್ನೊಬ್ಬರಿಗೆ ತೋರಿಸುತ್ತಾರೆ.

ನಾಲ್ಕನೆಯದು ಎಲ್ಲಕ್ಕಿಂತ ಸರಳ: ಮದ್ದಿಗೆ ಬಗ್ಗದಿರುವುದು. ಸರಿಯಾಗಿ ಒರೆಸಿ, ಸರಿಯಾದ ಹನಿಮದ್ದನ್ನು ಹೇಳಿದಷ್ಟು ದಿನ ಹಾಕಿಯೂ ಕಿವಿ ಒಣಗದಿದ್ದರೆ, ಎರಡನೆಯ ಸುತ್ತಿನ ಬಳಿಕವೂ ಒಣಗದಿದ್ದರೆ, ಮೂರನೆಯ ಬಾಟಲಿ ಬರೆಯುವ ಬದಲು ಪ್ರಶ್ನೆ ಕೇಳಬೇಕು. ಮನೆಯಲ್ಲಿ ಯಾರಿಗಾದರೂ ಎರಡು ವಾರಕ್ಕಿಂತ ಹೆಚ್ಚಿನ ಕೆಮ್ಮು ಇದೆಯೇ? ಕಳೆದ ಎರಡು ವರ್ಷಗಳಲ್ಲಿ ಯಾರಾದರೂ ಕ್ಷಯದ ಮಾತ್ರೆ ನುಂಗಿದರೇ? ಮಗುವಿನ ತೂಕ ಏರಿದೆಯೇ, ನಿಂತಿದೆಯೇ, ಇಳಿದಿದೆಯೇ? ಕೊನೆಯ ಪ್ರಶ್ನೆಗೆ ಅಂಗನವಾಡಿಯ ತೂಕದ ಪಟ್ಟಿ ತಾಯಿಯ ನೆನಪಿಗಿಂತ ನಿಖರವಾದ ಉತ್ತರ ಕೊಡುತ್ತದೆ. ಮೆಣಸಿನಕಾಯಿ ಕೊಯ್ಲಿನ ಕಾಲದಲ್ಲಿ ಈ ಸೀಮೆಯಲ್ಲಿ ಕೆಮ್ಮನ್ನು ‘ಘಾಟು’ ಎಂದು ತಳ್ಳಿಹಾಕುವುದು ಸುಲಭ. ಹಾಗಾಗಿ ಕೆಮ್ಮು ಇದೆಯೇ ಎಂದಷ್ಟೇ ಕೇಳಿದರೆ ಸಾಲದು. ಕಣದ ಕೆಲಸ ಮುಗಿದ ಮೇಲೂ ಉಳಿದಿದೆಯೇ ಎಂದು ಕೇಳಬೇಕು.

ಬಾಯಿ ಸೊಟ್ಟಗಾದ ಮಗುವಿನ ವಿಷಯದಲ್ಲಿ ಕಾಯುವ ಮಾತೇ ಇಲ್ಲ. ಅತ್ತಾಗ ಬಾಯಿ ಒಂದೇ ಕಡೆ ಎಳೆಯುತ್ತದೆ, ನಿದ್ದೆಯಲ್ಲಿ ಒಂದು ಕಣ್ಣು ಪೂರ್ತಿ ಮುಚ್ಚುವುದಿಲ್ಲ. ಗಾಳಿ ಸೋಕಿತು ಎಂದು ಮನೆಯಲ್ಲಿ ಹೇಳುವುದುಂಟು. ಸೋರುವ ಕಿವಿಯ ಜೊತೆಗೆ ಇದು ಬಂದರೆ ಅಂದೇ ದೊಡ್ಡಾಸ್ಪತ್ರೆಗೆ ಕಳಿಸಬೇಕು. ಕಾರಣ ಕ್ಷಯವಾಗಿರಲಿ, ಕೊಲೆಸ್ಟಿಯಾಟೋಮ ಎಂಬ ಎಲುಬು ತಿನ್ನುವ ಚರ್ಮದ ಗೂಡಾಗಿರಲಿ, ನರ ಅಪಾಯದಲ್ಲಿದೆ ಎಂಬುದು ಖಚಿತ.

ಹನಿಮದ್ದಿನ ತೊಡಕು

ಇಲ್ಲೊಂದು ತೊಡಕನ್ನು ಬಿಡಿಸಿ ಹೇಳಬೇಕು. ಔಷಧಿ ಅಂಗಡಿಯಲ್ಲಿ ಕಿವಿಗೆಂದು ಹೆಚ್ಚಾಗಿ ಸಿಗುವ ಹನಿಮದ್ದು ಸಿಪ್ರೋಫ್ಲಾಕ್ಸಾಸಿನ್. ಕೆಲವು ಬಾಟಲಿಗಳಲ್ಲಿ ನಿಯೋಮೈಸಿನ್ ಇರುತ್ತದೆ, ಊತ ಇಳಿಸಲು ಸ್ಟೀರಾಯ್ಡ್ ಬೆರೆತಿರುತ್ತದೆ. ಸಿಪ್ರೋಫ್ಲಾಕ್ಸಾಸಿನ್ ಗುಂಪಿನ ಮದ್ದುಗಳಿಗೆ ಕ್ಷಯದ ರೋಗಾಣುವನ್ನು ತಕ್ಕಮಟ್ಟಿಗೆ ಅದುಮುವ ಶಕ್ತಿಯಿದೆ, ಕೊಂದು ಮುಗಿಸುವಷ್ಟಿಲ್ಲ. ಸ್ಟೀರಾಯ್ಡ್ ಸೋರಿಕೆಯನ್ನು ಕೆಲವು ದಿನ ಒಣಗಿಸುತ್ತದೆ. ಫಲ ಏನೆಂದರೆ ಕಿವಿ ಒಮ್ಮೆ ಒಣಗುತ್ತದೆ, ತಾಯಿಗೆ ನೆಮ್ಮದಿಯಾಗುತ್ತದೆ, ತಿಂಗಳಲ್ಲಿ ಮತ್ತೆ ಸೋರುತ್ತದೆ. ಮತ್ತೆ ಅದೇ ಬಾಟಲಿ. ಇಂಥ ಕಿವಿಯಿಂದ ಕೀವನ್ನು ತೆಗೆದು ಪ್ರಯೋಗಾಲಯಕ್ಕೆ ಕಳಿಸಿದರೆ ಅಲ್ಲಿ ಅರೆಸತ್ತ, ಎಣಿಕೆಗೂ ಸಿಗದಷ್ಟು ವಿರಳ ರೋಗಾಣುಗಳಿರುತ್ತವೆ. ವರದಿ ‘ಕಂಡುಬಂದಿಲ್ಲ’ ಎಂದು ಬರುತ್ತದೆ. ಆ ಒಂದು ಪದ ಮಗುವಿನ ಒಂದು ವರ್ಷವನ್ನು ನುಂಗಬಲ್ಲದು. ಅನುಮಾನ ಬಂದ ಕಿವಿಯಲ್ಲಿ ಮೊದಲು ಮಾದರಿ, ಆಮೇಲೆ ಮದ್ದು. ಈ ಕ್ರಮ ತಪ್ಪಬಾರದು. ಇದೇ ಕಾರಣಕ್ಕೆ, ಹಿಂದೆ ಹಾಕಿದ ಬಾಟಲಿಗಳನ್ನು ತಾಯಂದಿರು ಎಸೆಯದೆ ಆಸ್ಪತ್ರೆಗೆ ತಂದು ತೋರಿಸಿದರೆ ವೈದ್ಯರಿಗೆ ಬಹಳ ನೆರವಾಗುತ್ತದೆ.

ಮಾದರಿ ಮತ್ತು ಪ್ರಯೋಗಾಲಯ

ಕೀವನ್ನು ಗಾಜಿನ ಪಟ್ಟಿಯ ಮೇಲೆ ಹರಡಿ, ಝೀಲ್–ನೀಲ್ಸನ್ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ಹಳೆಯ, ಅಗ್ಗದ ಪರೀಕ್ಷೆ. ಒಂದು ಮಿಲಿಲೀಟರಿನಲ್ಲಿ ಸುಮಾರು 5,000ದಿಂದ 10,000 ರೋಗಾಣುಗಳಿದ್ದರೆ ಮಾತ್ರ ಅದರ ಕಣ್ಣಿಗೆ ಬೀಳುತ್ತವೆ. ಮಗುವಿನ ಕಿವಿಯಲ್ಲಿ ಅಷ್ಟಿರುವುದು ಕಡಿಮೆ. ಇನ್ನೊಂದು ಎಚ್ಚರಿಕೆ ಹಳೆಯ ಪುಸ್ತಕಗಳಲ್ಲಿದೆ: ಕಿವಿಯ ಗುಗ್ಗೆಯಲ್ಲಿ ಕ್ಷಯದ ದಾಯಾದಿಗಳಾದ ನಿರಪಾಯಕಾರಿ ರೋಗಾಣುಗಳು ವಾಸಿಸಬಲ್ಲವು, ಅವೂ ಅದೇ ಕೆಂಪು ಬಣ್ಣ ಹಿಡಿಯುತ್ತವೆ. ಹಾಗಾಗಿ ಇಲ್ಲಿ ‘ಇಲ್ಲ’ ಎಂಬ ವರದಿ ರೋಗವಿಲ್ಲ ಎಂದು ಸಾರುವುದಿಲ್ಲ. ‘ಇದೆ’ ಎಂಬ ವರದಿಗೂ ಇನ್ನೊಂದು ಪರೀಕ್ಷೆಯ ಸಾಕ್ಷಿ ಬೇಕು.

ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಹೆಚ್ಚು ಸೂಕ್ಷ್ಮ. ಮಿಲಿಲೀಟರಿಗೆ ಹತ್ತರಿಂದ ನೂರು ರೋಗಾಣುಗಳಿದ್ದರೂ ಅದಕ್ಕೆ ಸಾಕು. ಆದರೆ ದ್ರವ ಮಾಧ್ಯಮದಲ್ಲಿ ಆರು ವಾರ, ಘನ ಮಾಧ್ಯಮದಲ್ಲಿ ಎಂಟು ವಾರ ಕಾಯಬೇಕು. ಕಿವಿಯ ವಿಷಯದಲ್ಲಿ ಮತ್ತೊಂದು ಅಡ್ಡಿಯಿದೆ: ಸೋರುವ ಕಿವಿಯಲ್ಲಿ ಸ್ಯೂಡೋಮೊನಾಸ್, ಪ್ರೋಟಿಯಸ್, ಸ್ಟ್ಯಾಫಿಲೋಕಾಕಸ್ ತುಂಬಿ ತುಳುಕುತ್ತಿರುತ್ತವೆ. ಬೇಗ ಬೆಳೆಯುವ ಇವು ನಿಧಾನವಾಗಿ ಬೆಳೆಯುವ ಕ್ಷಯದ ರೋಗಾಣುವನ್ನು ಮುಳುಗಿಸಿಬಿಡುತ್ತವೆ, ಹೊಲದಲ್ಲಿ ಕಳೆ ಎದ್ದು ಪೈರು ಮರೆಯಾದ ಹಾಗೆ. ಸಾಮಾನ್ಯ ಕಲ್ಚರ್ ವರದಿಯಲ್ಲಿ ಸ್ಯೂಡೋಮೊನಾಸ್ ಬಂತೆಂದು ಅದನ್ನೇ ಕಾರಣವೆಂದು ನಂಬಿ ನಿಲ್ಲುವುದು ಪತ್ತೆ ತಪ್ಪುವ ಬಹು ಸಾಮಾನ್ಯ ಬಗೆ.

ವಂಶವಾಹಿಯನ್ನೇ ಹುಡುಕುವ ಯಂತ್ರಗಳು ಈ ಚಿತ್ರವನ್ನು ಬದಲಿಸಿವೆ. ನಮ್ಮ ಆಸ್ಪತ್ರೆಗಳಲ್ಲಿ ‘ಸಿಬಿನಾಟ್’ ಎಂದು ಕರೆಯುವ ಜೀನ್‌ಎಕ್ಸ್‌ಪರ್ಟ್ ಯಂತ್ರಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2010ರ ಡಿಸೆಂಬರ್‌ನಲ್ಲಿ ಮನ್ನಣೆ ನೀಡಿತು. ಎರಡು ಗಂಟೆಯೊಳಗೆ ಕ್ಷಯವಿದೆಯೇ, ಇದ್ದರೆ ರಿಫಾಂಪಿಸಿನ್ ಮದ್ದಿಗೆ ಬಗ್ಗುತ್ತದೆಯೇ ಎಂಬ ಎರಡನ್ನೂ ಹೇಳುತ್ತದೆ. ಅದರ ಹೊಸ ಅವತಾರ ‘ಅಲ್ಟ್ರಾ’ ಇನ್ನೂ ಕಡಿಮೆ ರೋಗಾಣುಗಳನ್ನು ಹಿಡಿಯುತ್ತದೆ. ಗೋವಾದ ಮಾಲ್‌ಬಯೋ ಸಂಸ್ಥೆಯ ‘ಟ್ರೂನಾಟ್’ ಬ್ಯಾಟರಿಯಿಂದಲೂ ನಡೆಯುವ ಸಣ್ಣ ಯಂತ್ರ; 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನೂ ಒಪ್ಪಿತು. ಕರೆಂಟು ಕೈಕೊಡುವ, ಹವಾನಿಯಂತ್ರಿತ ಕೋಣೆಯಿಲ್ಲದ ಕೇಂದ್ರಗಳಿಗೆ ಹೇಳಿಮಾಡಿಸಿದಂಥದ್ದು. ಆದರೂ ಕಿವಿಯ ಕೀವು ಈ ಯಂತ್ರಗಳಿಗೂ ಒಳ್ಳೆಯ ಮಾದರಿಯಲ್ಲ. ಕಿವಿಯೊಳಗಿನ ಮಾಂಸದ ತುಣುಕು ಕೊಟ್ಟರೆ ಉತ್ತರ ಹೆಚ್ಚು ನಂಬುವಂತಿರುತ್ತದೆ.

ಪತ್ತೆಯ ನಿಜವಾದ ಕೀಲಿ ಆ ತುಣುಕಿನಲ್ಲಿಯೇ ಇದೆ. ಅರಿವಳಿಕೆ ಕೊಟ್ಟು, ಮಧ್ಯಕಿವಿಯಿಂದ ಬಿಳಿಚಿದ ಮಾಂಸವನ್ನು ಚಿಮಟದಿಂದ ತೆಗೆದು ರೋಗಲಕ್ಷಣಶಾಸ್ತ್ರಜ್ಞರಿಗೆ ಕಳಿಸುತ್ತಾರೆ. ನಡುವೆ ಗಿಣ್ಣಿನಂಥ ಸತ್ತ ಭಾಗ, ಸುತ್ತ ಎಪಿತೀಲಿಯಾಯ್ಡ್ ಕೋಶಗಳ ಬೇಲಿ, ಅಲ್ಲಲ್ಲಿ ಹಲವು ಕೋಶಕೇಂದ್ರಗಳ ದೈತ್ಯಕೋಶ: ಈ ರಚನೆ ಕಂಡರೆ ಕ್ಷಯ ಬಹುಮಟ್ಟಿಗೆ ಸಾಬೀತು. ಒಮ್ಮೆ ತೆಗೆದ ತುಣುಕಿನಲ್ಲಿ ಕಾಣದೆ, ಬೇರೆ ಜಾಗದಿಂದ ಎರಡನೆಯ ಸಲ ತೆಗೆದಾಗ ಸಿಗುವುದುಂಟು.

ಸಣ್ಣದೆಂದು ಕಾಣುವ, ಆದರೆ ಎಷ್ಟೋ ಮಕ್ಕಳ ಪತ್ತೆಯನ್ನು ಕೆಡಿಸುವ ಒಂದು ತಪ್ಪನ್ನು ಇಲ್ಲಿ ಒತ್ತಿ ಹೇಳಲೇಬೇಕು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ತೆಗೆದ ತುಣುಕನ್ನು ಅಭ್ಯಾಸಬಲದಿಂದ ಪೂರ್ತಿ ಫಾರ್ಮಲಿನ್ ಸೀಸೆಗೆ ಹಾಕಿಬಿಡುತ್ತಾರೆ. ಫಾರ್ಮಲಿನ್ ಅಂಗಾಂಶವನ್ನು ಕೆಡದಂತೆ ಇಡುತ್ತದೆ, ರೋಗಾಣುವನ್ನು ಕೊಲ್ಲುತ್ತದೆ. ಆ ತುಣುಕಿನಿಂದ ಇನ್ನು ಕಲ್ಚರ್ ಸಾಧ್ಯವಿಲ್ಲ. ವಂಶವಾಹಿ ಪರೀಕ್ಷೆಯೂ ಕೆಡುತ್ತದೆ. ತುಣುಕನ್ನು ಎರಡು ಭಾಗ ಮಾಡಬೇಕು. ಒಂದು ಫಾರ್ಮಲಿನ್‌ಗೆ, ಇನ್ನೊಂದು ಬರೀ ಸಲೈನ್ ಹಾಕಿದ ಶುದ್ಧ ಸೀಸೆಗೆ. ಮಗುವಿಗೆ ಅರಿವಳಿಕೆ ಕೊಡುವುದು ಸಾಧ್ಯವಾದಷ್ಟೂ ಒಂದೇ ಸಲ ಆಗಬೇಕು. ಆ ಒಂದು ಸಲದಲ್ಲಿ ಎರಡೂ ಸೀಸೆ ಮೇಜಿನ ಮೇಲೆ ಸಿದ್ಧವಿರಬೇಕು.

ಕಿವಿಕ್ಷಯ ಗೊತ್ತಾಗುವ ಇನ್ನೊಂದು ಸಂದರ್ಭ ಅನಿರೀಕ್ಷಿತ. ಸಾಮಾನ್ಯ ಸೋರಿಕೆಯೆಂದೇ ಭಾವಿಸಿ ಮಾಸ್ಟಾಯ್ಡ್ ಶಸ್ತ್ರಕ್ರಿಯೆ ಮಾಡುತ್ತಾರೆ. ಗಾಯ ವಾರಗಟ್ಟಲೆ ಒಣಗುವುದಿಲ್ಲ, ಹೊಲಿಗೆಯ ಜಾಗದಲ್ಲಿ ಬಿಳಿಚಿದ ಮಾಂಸ ಉಕ್ಕುತ್ತದೆ. ಆಗ ತುಣುಕು ಕಳಿಸಿದರೆ ಕ್ಷಯ ಎಂದು ಬರುತ್ತದೆ. ಪ್ರಪಂಚದ ಎಷ್ಟೋ ವರದಿಗಳಲ್ಲಿ ರೋಗ ಪತ್ತೆಯಾಗಿರುವುದೇ ಹೀಗೆ, ಕತ್ತರಿಸಿದ ಮೇಲೆ. ಮಾಸ್ಟಾಯ್ಡ್‌ನಿಂದ ತೆಗೆದ ಮಾಂಸವನ್ನು ಎಸೆಯದೆ ಪ್ರತಿ ಸಲವೂ ಪರೀಕ್ಷೆಗೆ ಕಳಿಸುವ ಪದ್ಧತಿಯನ್ನು ಕ್ಷಯ ಹೆಚ್ಚಿರುವ ನಮ್ಮಂಥ ನಾಡಿನಲ್ಲಿ ಕಟ್ಟುನಿಟ್ಟಾಗಿ ಪಾಲಿಸಬೇಕು.

ಎಲುಬಿನ ಚಿತ್ರ

ಸಿ.ಟಿ. ಸ್ಕ್ಯಾನ್ ರೋಗದ ಹೆಸರು ಹೇಳುವುದಿಲ್ಲ, ಅದರ ಹರವನ್ನು ಹೇಳುತ್ತದೆ. ಹತ್ತಾರು ವರ್ಷ ಸೋರಿದ ಕಿವಿಯಲ್ಲಿ ಮಾಸ್ಟಾಯ್ಡ್ ಎಲುಬು ಗಟ್ಟಿಯಾಗಿ ಗೂಡುಗಳೇ ಮುಚ್ಚಿಹೋಗಿರುತ್ತವೆ. ಕ್ಷಯದಲ್ಲಿ ಗೂಡುಗಳ ಗೋಡೆ ಬಹುಪಾಲು ಉಳಿದಿದ್ದು ಒಳಗೆಲ್ಲ ಮೆತ್ತನೆಯ ಅಂಗಾಂಶ ತುಂಬಿರುವುದು, ಜೊತೆಗೆ ಮೂರು ಪುಟ್ಟ ಎಲುಬುಗಳು ಸವೆದಿರುವುದು, ಸತ್ತ ಎಲುಬಿನ ಚೂರು ಬೇರೆಯಾಗಿ ಬಿದ್ದಿರುವುದು ಸುಳಿವಾಗಬಲ್ಲವು. ಮುಖನರದ ಕೊಳವೆಯೂ ಒಳಕಿವಿಯ ಗೋಡೆಯೂ ಉಳಿದಿವೆಯೇ ಎಂಬುದನ್ನು ಶಸ್ತ್ರವೈದ್ಯರು ಈ ಚಿತ್ರದಲ್ಲಿಯೇ ನೋಡಿಕೊಳ್ಳುತ್ತಾರೆ.

ಕಿವಿಯಾಚೆಗಿನ ಹುಡುಕಾಟ

ಮಗುವಿನ ಕ್ಷಯದ ಪತ್ತೆ ಒಂದು ಅಂಗದಲ್ಲಿ ಮುಗಿಯುವುದಿಲ್ಲ. ಎದೆಯ ಎಕ್ಸ್‌ರೇ ತೆಗೆಯಲೇಬೇಕು. ಆದರೆ ಕಿವಿಕ್ಷಯವಿರುವ ಎಷ್ಟೋ ಮಕ್ಕಳ ಎದೆಚಿತ್ರ ಸ್ವಚ್ಛವಾಗಿಯೇ ಇರುತ್ತದೆ, ಅದನ್ನು ನಂಬಿ ಕೈಬಿಡಬಾರದು. ಸಣ್ಣ ಮಕ್ಕಳು ಕಫ ಉಗುಳುವುದಿಲ್ಲ, ನುಂಗುತ್ತಾರೆ. ಅದಕ್ಕಾಗಿ ಬೆಳಗಿನ ಜಾವ, ಮಗು ಹಾಲು ಕುಡಿಯುವ ಮೊದಲೇ, ಮೂಗಿನಿಂದ ಸಣ್ಣ ನಳಿಕೆ ಇಳಿಸಿ ಹೊಟ್ಟೆಯ ರಸ ತೆಗೆದು ಪರೀಕ್ಷಿಸುತ್ತಾರೆ. ತಾಯಿಗೆ ನೋಡಲಾಗದ ಕೆಲಸ. ಮಲದ ಮಾದರಿಯಲ್ಲಿಯೂ ವಂಶವಾಹಿ ಪರೀಕ್ಷೆ ಮಾಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಈಚೆಗೆ ಒಪ್ಪಿರುವುದರಿಂದ ಈ ಹಿಂಸೆ ತಗ್ಗುವ ಆಸೆಯಿದೆ.

ಮಾಂಟೂ ಪರೀಕ್ಷೆಯಲ್ಲಿ ಮುಂಗೈಯ ಚರ್ಮದೊಳಗೆ ಟ್ಯೂಬರ್ಕ್ಯುಲಿನ್ ಚುಚ್ಚಿ, 48ರಿಂದ 72 ಗಂಟೆಯ ನಡುವೆ ಗಟ್ಟಿಯಾದ ಭಾಗವನ್ನು ಅಳೆಯುತ್ತಾರೆ. ಕೆಂಪನ್ನು ಅಳೆಯಬಾರದು, ಗಡಸನ್ನು ಅಳೆಯಬೇಕು. 10 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ಸೋಂಕಿದೆ ಎಂದರ್ಥ. ಎಚ್‌ಐವಿ ಇರುವ ಮಗುವಿನಲ್ಲಿ 5 ಸಾಕು. ಸೋಂಕು ತಗುಲಿದೆ ಎಂದಷ್ಟೇ ಇದು ಹೇಳುತ್ತದೆ, ಕಿವಿಯಲ್ಲಿರುವುದು ಕ್ಷಯವೇ ಎಂದಲ್ಲ. ಅಪೌಷ್ಟಿಕ ಮಗುವಿನಲ್ಲಿ, ದಡಾರ ಬಂದು ಹೋದ ಮಗುವಿನಲ್ಲಿ ಸೋಂಕಿದ್ದರೂ ಚರ್ಮ ಉಬ್ಬದೆ ಹೋಗಬಹುದು. ಬಾದನಹಟ್ಟಿಯಿಂದ ಬಂದವರಿಗೆ ಇದರಲ್ಲಿ ಇನ್ನೊಂದು ಕಷ್ಟವಿದೆ: ಚುಚ್ಚಿಸಿಕೊಂಡ ಮೇಲೆ ಮೂರನೆಯ ದಿನ ಮತ್ತೆ ಬರಬೇಕು, ಎಂದರೆ ಇನ್ನೊಂದು ದಿನದ ಕೂಲಿ, ಇನ್ನೊಂದು ಬಸ್ಸಿನ ಖರ್ಚು. ಅಳತೆಗೋಲು ಇಟ್ಟು ನೋಡುವುದನ್ನು ಊರ ಹತ್ತಿರದ ಆರೋಗ್ಯ ಕೇಂದ್ರದಲ್ಲಿಯೇ ಮಾಡಿಸುವ ಏರ್ಪಾಡನ್ನು ವೈದ್ಯರು ಒಂದು ಚೀಟಿ ಬರೆದು ಮಾಡಬಹುದು.

ಹುಟ್ಟಿದ ಕೂಡಲೇ ಹಾಕುವ ಬಿ.ಸಿ.ಜಿ. ಮಿದುಳುಪೊರೆಯ ಕ್ಷಯದಂಥ ಭೀಕರ ರೂಪಗಳಿಂದ ಎಳೆಯರನ್ನು ಕಾಯುತ್ತದೆ. ತೋಳಿನ ಮೇಲೆ ಅದರ ಗುರುತಿದೆ ಎಂದು ಕಿವಿಕ್ಷಯವನ್ನು ತಳ್ಳಿಹಾಕುವಂತಿಲ್ಲ. ಎಚ್‌ಐವಿ ಪರೀಕ್ಷೆಯನ್ನು ಕ್ಷಯದ ಪ್ರತಿ ರೋಗಿಗೂ ಮಾಡಿಸಬೇಕೆಂಬುದು ರಾಷ್ಟ್ರೀಯ ಕ್ಷಯ ಕಾರ್ಯಕ್ರಮದ ನಿಯಮ.

ಕಿವಿಕ್ಷಯದಂತೆ ತೋರುವ ಬೇರೆ ಕಾಯಿಲೆಗಳಲ್ಲಿ ಕೊಲೆಸ್ಟಿಯಾಟೋಮ ಮುಖ್ಯವಾದದ್ದು. ಶಿಲೀಂಧ್ರದ ಸೋಂಕು, ಲ್ಯಾಂಗರ್‌ಹಾನ್ಸ್ ಕೋಶಗಳ ರೋಗ, ಮಕ್ಕಳ ಕಿವಿಯಲ್ಲಿ ವಿರಳವಾಗಿ ಏಳುವ ರ‍್ಯಾಬ್ಡೋಮಯೋಸಾರ್ಕೋಮ ಎಂಬ ಕ್ಯಾನ್ಸರ್ ಕೂಡ ಇದೇ ವೇಷದಲ್ಲಿ ಬರುತ್ತವೆ. ಕ್ಷಯದ ಮದ್ದನ್ನು ಸುಮ್ಮನೆ ಕೊಟ್ಟು ನೋಡೋಣ ಎಂಬ ಹಳೆಯ ರೂಢಿ ಅಪಾಯಕರವಾಗಿರುವುದು ಇದರಿಂದಲೇ.

ತುಮಕೂರಿನಿಂದ ಬಂದ ಪಾಠ

ಬೆಂಗಳೂರಿನಲ್ಲಿ, ಬಳ್ಳಾರಿ ರಸ್ತೆಯ ಮೇಲೆಯೇ, ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಿದೆ. 1959ರಲ್ಲಿ ಹುಟ್ಟಿದ ಈ ಸಂಸ್ಥೆ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನಗಳ ಮೇಲೆ 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ನಿಂತಿತು. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 1963ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ನಂಬಿಕೆಯನ್ನು ಬುಡಮೇಲು ಮಾಡಿತು. ಹಳ್ಳಿಯ ಜನ ಅಜ್ಞಾನದಿಂದ ಆಸ್ಪತ್ರೆಗೆ ಬರುವುದಿಲ್ಲ ಎಂದು ಎಲ್ಲರೂ ತಿಳಿದಿದ್ದರು. ಮನೆಮನೆಗೆ ಹೋಗಿ ಕೇಳಿದಾಗ ತಿಳಿದದ್ದು ಬೇರೆ: ಶ್ವಾಸಕೋಶದ ಕ್ಷಯವಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಯ ಬಾಗಿಲು ತಟ್ಟಿದ್ದರು; ಅವರಿಗೆ ಸಿಕ್ಕದ್ದು ಕೆಮ್ಮಿನ ಔಷಧಿಯ ಸೀಸೆ.

ಕಿವಿ ಸೋರುವ ಮಗುವಿಗೆ ಈ ಮಾತು ಅಕ್ಷರಶಃ ಹೊಂದುತ್ತದೆ. ಆ ತಾಯಿಯೂ ಬಂದಿದ್ದಾಳೆ, ಒಂದಲ್ಲ ಮೂರು ನಾಲ್ಕು ಸಲ. ಕೆಮ್ಮಿನ ಸೀಸೆಯ ಜಾಗದಲ್ಲಿ ಹನಿಮದ್ದಿನ ಬಾಟಲಿ ಸಿಕ್ಕಿದೆ. ಶಾಲೆ ಅಂಗನವಾಡಿಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ, ಮನೆಗಳಿಗೆ ಹೋಗುವ ಆಶಾ ಕಾರ್ಯಕರ್ತೆ ಇಬ್ಬರೂ ಸೋರುವ ಕಿವಿಯನ್ನು ನೋಡಿರುತ್ತಾರೆ. ಕೆಮ್ಮು ಎರಡು ವಾರ ಮೀರಿದರೆ ಕಫ ಪರೀಕ್ಷೆ ಎಂಬ ಸೂತ್ರ ಇಂದು ಅವರೆಲ್ಲರ ಬಾಯಲ್ಲಿದೆ. ಸೋರುವ ಕಿವಿಗೆ ಅಂಥದೊಂದು ಸರಳ ಸೂತ್ರ ಇನ್ನೂ ಚಾಲ್ತಿಗೆ ಬಂದಿಲ್ಲ, ಬರಬೇಕು.

ಪತ್ತೆಯಾದ ಮೇಲೆ

2012ರ ಮೇ ತಿಂಗಳಿಂದ ಭಾರತದಲ್ಲಿ ಕ್ಷಯದ ಪ್ರತಿ ಪ್ರಕರಣವನ್ನೂ, ಖಾಸಗಿ ವೈದ್ಯರು ಕಂಡದ್ದನ್ನೂ ಸೇರಿಸಿ, ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ. ‘ನಿಕ್ಷಯ್’ ದಾಖಲೆಯಲ್ಲಿ ಮಗುವಿಗೆ ಒಂದು ಗುರುತಿನ ಸಂಖ್ಯೆ ಸಿಗುತ್ತದೆ; ಅಪ್ಪ ಅಮ್ಮ ದುಡಿಮೆಗೆಂದು ಬೇರೆ ಊರು ಸೇರಿದರೂ ಆ ಸಂಖ್ಯೆಯ ಮೇಲೆ ಅಲ್ಲಿ ಮಾತ್ರೆ ದೊರೆಯುತ್ತದೆ. ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ ₹500 ಕೊಡುತ್ತಿದ್ದರು, 2024ರ ನವೆಂಬರ್‌ನಿಂದ ಅದು ₹1,000 ಆಗಿದೆ. ಮದ್ದಿಗೆ ಬಗ್ಗುವ ಕ್ಷಯಕ್ಕೆ ಮೊದಲ ಎರಡು ತಿಂಗಳು ನಾಲ್ಕು ಬಗೆಯ ಮದ್ದು, ಆಮೇಲೆ ಕನಿಷ್ಠ ನಾಲ್ಕು ತಿಂಗಳು ಮುಂದುವರಿಕೆ. ಎಲುಬು ಹೆಚ್ಚು ಕೊಳೆತಿದ್ದರೆ ಅವಧಿ ಬೆಳೆಯುತ್ತದೆ. ಮಕ್ಕಳಿಗೆ ನೀರಿನಲ್ಲಿ ಕರಗುವ ಮಾತ್ರೆಗಳಿವೆ. ಹಿಂದೆ ಕ್ಷಯಕ್ಕೆ ಕೊಡುತ್ತಿದ್ದ ಸ್ಟ್ರೆಪ್ಟೊಮೈಸಿನ್, ಅದರ ಬಂಧುಗಳಾದ ಕನಾಮೈಸಿನ್, ಅಮಿಕಾಸಿನ್ ಚುಚ್ಚುಮದ್ದುಗಳು ಒಳಕಿವಿಗೇ ವಿಷ. ಆಗಲೇ ಪೆಟ್ಟುತಿಂದ ಕಿವಿಗೆ ಅವನ್ನು ಕೊಡದೆ ಚಿಕಿತ್ಸೆ ಮಾಡಲು ಸಾಧ್ಯವಾಗಿರುವುದು ಇಂದಿನ ನುಂಗುವ ಮದ್ದುಗಳ ದೊಡ್ಡ ಉಪಕಾರ.

ಸೋರಿಕೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ನಿಲ್ಲುತ್ತದೆ, ತೂಕ ಏರುತ್ತದೆ. ಕಿವಿ ಒಣಗಿತೆಂದು ಮಾತ್ರೆ ನಿಲ್ಲಿಸುವ ಅಪಾಯ ಇರುವುದು ಆಗಲೇ. ಮುಖದ ಲಕ್ವ ಬೇಗ ಚಿಕಿತ್ಸೆ ಸಿಕ್ಕವರಲ್ಲಿ ಬಹುಪಾಲು ಸುಧಾರಿಸುತ್ತದೆ. ಸತ್ತ ಎಲುಬಿನ ಚೂರಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ತಮಟೆಯ ತೂತು ಮುಚ್ಚುವ ಕೆಲಸವನ್ನು ರೋಗ ಪೂರ್ತಿ ಗುಣವಾದ ಮೇಲೆ ಮಾಡುತ್ತಾರೆ.

ಮನೆಯ ಉಳಿದವರ ತಪಾಸಣೆ ಮಗುವಿನ ಚಿಕಿತ್ಸೆಯಷ್ಟೇ ಮುಖ್ಯ. ಮಗುವಿಗೆ ಕ್ಷಯ ಬಂದಿದೆ ಎಂದರೆ ಅದನ್ನು ಕೊಟ್ಟವರೊಬ್ಬರು ಬಹುಮಟ್ಟಿಗೆ ಹತ್ತಿರದಲ್ಲಿಯೇ ಇದ್ದಾರೆ, ಪತ್ತೆಯಾಗದೆ ಕೆಮ್ಮುತ್ತಿರಬಹುದು. ಅಜ್ಜಿಯೋ, ಚಿಕ್ಕಪ್ಪನೋ, ಪಕ್ಕದ ಮನೆಯವರೋ ಇರಬಹುದು. ರೋಗಿಯ ಜೊತೆ ಬಾಳುವ ಆರೋಗ್ಯವಂತ ಮಕ್ಕಳಿಗೂ ರೋಗ ತಡೆಯುವ ಮಾತ್ರೆ ಕೊಡುವ ವ್ಯವಸ್ಥೆ ಕಾರ್ಯಕ್ರಮದಲ್ಲಿದೆ.

ಚಿಕಿತ್ಸೆಯ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಕೇಳುವಿಕೆಯನ್ನು ಅಳೆಯಬೇಕು. ಐದಾರು ವರ್ಷ ದಾಟಿದವರಿಗೆ ಆಡಿಯೋಮೀಟರ್ ಸಾಕು. ಅದಕ್ಕಿಂತ ಸಣ್ಣವರಿಗೆ ಮಲಗಿಸಿ ಮಾಡುವ ಬೆರಾ ಪರೀಕ್ಷೆ ಬೇಕು. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ಮಕ್ಕಳ ಶ್ರವಣಯಂತ್ರ ಮತ್ತು ಮಾತಿನ ತರಬೇತಿಗೆ ನಾಡಿನ ದೊಡ್ಡ ಆಸರೆ. ಮಾತು ಕಲಿಯುವ ವಯಸ್ಸಿನಲ್ಲಿ ಎರಡೂ ಕಿವಿಗೆ ರೋಗ ತಗುಲಿದ ಮಗುವಿಗೆ ಒಂದೊಂದು ತಿಂಗಳ ತಡವೂ ಪದಗಳ ನಷ್ಟ. ಒಂದೇ ಕಿವಿ ಹೋದ ಮಗುವನ್ನು ಮುಂದಿನ ಸಾಲಿನಲ್ಲಿ, ಒಳ್ಳೆಯ ಕಿವಿ ಶಿಕ್ಷಕರ ಕಡೆ ಬರುವಂತೆ ಕೂರಿಸಬೇಕು. ಅದನ್ನು ಆಸ್ಪತ್ರೆಯ ಚೀಟಿಯಲ್ಲಿಯೇ ಕನ್ನಡದಲ್ಲಿ ಬರೆದು ಕಳಿಸುವುದು ಒಳ್ಳೆಯದು.